ಗಫ್ಶಾ

ಮನಾಮಾದ ಸೂಕಿನಲ್ಲಿ ನನ್ನ ಮೊದಲ ಗಿರಾಕಿ
ಕಪ್ಪು ಅಬಾಯಾದ ಒಬ್ಬ ಮುದುಕಿ,
‘ಗಫ್ಶಾ’ ಎಂದಳು.
ಕಬ್ಸಾ ಎಂದು ಕೇಳಿಸಿಕೊಂಡ ನಾನು
ಎದುರಿನ ಅನ್ನದಂಗಡಿಗೆ ದಾರಿ ತೋರಿಸಿದೆ.
ನಕ್ಕಳು. ಬುಟ್ಟಿಗೆ ತಾನೇ ಕೈ ಹಾಕಿ
ಆರು ಚಮಚ ಎಣಿಸಿಕೊಂಡಳು.

ಪಾತ್ರೆಯಂಗಡಿಯ ಯಜಮಾನ ಮಿರ್ಜಾ ಬುಶೆಹ್ರಿ
ಅವತ್ತು ಸಂಜೆ ಚಹಾದ ಲೋಟದೊಳಗೆ
ಅದೇ ಪದವನ್ನು ಕಲಕಿ ಕಲಕಿ ಹೇಳಿದ:
‘ನನ್ನಜ್ಜ ಸಮುದ್ರದಾಚೆಯಿಂದ ತಂದಾಗ
ಇದು ಕಫ್ಚಾ ಆಗಿತ್ತು.
ಕಫ್ ಅಂದರೆ ನಮ್ಮಲ್ಲಿ ಅಂಗೈ.
ಕಫ್ಚಾ, ಪುಟ್ಟ ಅಂಗೈ.
ದೋಣಿ ಇಳಿಯುವಾಗ ಉಪ್ಪುನೀರು ತಾಗಿ
ಸ್ವಲ್ಪ ಬಾಗಿತು, ಅಷ್ಟೆ.’

ಸುಳ್ಳೋ ನಿಜವೋ, ಒರೆಗೆ ಹಚ್ಚಲು ನಾನು ಪಂಡಿತನಲ್ಲ;
ಹೆಜಮಾಡಿಯವನು, ಎಂಟನೇ ಕ್ಲಾಸು,
ದಾಸ್ತಾನು ಪುಸ್ತಕ ಬರೆಯುವವನು.
ಆದರೆ ನಮ್ಮ ತುಳುವಿನಲ್ಲೂ ಸೌಟಿಗೆ ಕೈಲ್ ಅನ್ನುತ್ತಾರಲ್ಲ,
ಕರಟಕ್ಕೆ ಬಿದಿರ ಕಡ್ಡಿ ಸಿಕ್ಕಿಸಿದ್ದು,
ಅದರಲ್ಲೂ ಒಂದು ಕೈ ಅಡಗಿ ಕೂತಿದೆಯೇ
ಎಂದು ರಾತ್ರಿ ಬಂಕಿನ ಮೇಲೆ ಮಲಗಿ ಯೋಚಿಸಿದೆ.
ಮತ್ತೆ ಕನ್ನಡದ ಹುಟ್ಟು:
ಗಂಜಿ ತೊಳಸಿದರೂ ಹುಟ್ಟು, ದೋಣಿ ತಳ್ಳಿದರೂ ಹುಟ್ಟು,
ಎಲ್ಲಿಯವನಯ್ಯಾ ಎಂದು ಯಾರಾದರೂ ಕೇಳಿದರೆ
ಅದೂ ಹುಟ್ಟೇ.
ಡಬ್ಬದ ಮೇಲಂತೂ ನೀಟಾಗಿ ಅಚ್ಚಾಗಿದೆ,
ಹುಟ್ಟಿದ ದೇಶ ಚೀನಾ,
ಒಂದು ಡಜನ್, ತುಕ್ಕು ಹಿಡಿಯುವುದಿಲ್ಲ.

ಚಮಚಾ ಎಂದು ನನ್ನನ್ನೂ ಕರೆದರು ಪಕ್ಕದಂಗಡಿಯ ಹುಡುಗರು,
ಮಿರ್ಜಾನ ಚೀಲ ಹೊರುತ್ತೇನೆಂದು.
ಇರಲಿ. ಕತ್ತು ಬಾಗದೆ ಯಾವ ಚಮಚ ಬಾಯಿ ಮುಟ್ಟೀತು?

ಹನ್ನೊಂದು ವರ್ಷದ ಮೇಲೆ ಒಂದು ಬೆಳಿಗ್ಗೆ
ಮಿರ್ಜಾನ ಬಾಯಿ ಎಡಕ್ಕೆ ವಾಲಿತು.
ಆಸ್ಪತ್ರೆ, ನಾಲ್ಕನೇ ಮಹಡಿ.
ಮಾತೆಲ್ಲ ಹೋಗಿತ್ತು: ಅರಬ್ಬಿ, ಪಾರ್ಸಿ,
ನನ್ನಿಂದ ಕಲಿತ ‘ಊಟ ಆಯ್ತಾ’ ಕೂಡ.
ಮಗಳು ಸಕೀನಾ ಡಾಕ್ಟರ ಹಿಂದೆ ಓಡಿದಾಗ
ಮೊಸರನ್ನದಂಥ ಏನೋ ಒಂದು ನನ್ನ ಕೈಗೆ ಬಂತು,
ಪ್ಲಾಸ್ಟಿಕ್ ಚಮಚದ ಜೊತೆ.

ಎತ್ತಿದೆ. ತುಟಿ ಬಿಚ್ಚಲಿಲ್ಲ.
ಇದರ ಹೆಸರೇನು ಹೇಳಿ ಸಾಹೇಬರೇ, ಎಂದು ಆಡಿಸಿದೆ,
ಮಕ್ಕಳನ್ನು ಕೇಳುವ ಹಾಗೆ. ತಪ್ಪು ಮಾಡಿದೆ.
ಕಣ್ಣು ಆ ಪ್ಲಾಸ್ಟಿಕ್ಕಿನ ತುದಿಯಲ್ಲೇ ನಿಂತು
ಗಂಟಲಲ್ಲಿ ಗ ಗ ಗ ಎಂದು ಏನೋ ತೊಡರಿ
ನೀರಾಯಿತು.

ಆಮೇಲೆ ಹೊದಿಕೆಯಡಿಯಿಂದ
ಸರಿಯಿರುವ ಕೈ ಮೆಲ್ಲಗೆ ಹೊರಬಂತು.
ಬೆರಳು ಕೂಡಿಸಿ, ನಡುವೆ ಗುಳಿ ಮಾಡಿ,
ನನ್ನ ಮುಂದೆ ಹಿಡಿದ.

ಬೇಡುತ್ತಿದ್ದಾನೆಂದು ತಿಳಿದು
ಅನ್ನ ಹಾಕಲು ಹೋದೆ.
ತಲೆ ಅಲ್ಲಾಡಿಸಿದ. ಕೈ ಮತ್ತೆ ತೋರಿಸಿದ,
ಪೆದ್ದನಿಗೆ ಎರಡನೇ ಸಲ ತೋರಿಸುವ ಮೇಷ್ಟ್ರಂತೆ.

ಹೌದು ಹೌದು, ಅದೇ, ಎಂದೆ.
ಆಗ ಬಾಯಿ ತೆರೆದ.