ಏಳು ನಾಲ್ಕಾಣೆ

ಬಿರ್ಜೆ ಮಾಸ್ತರರ ಹೆಲಿಕಾಪ್ಟರು ನನ್ನ ಲೇಥಿಗೆ ಬಂದದ್ದು
ಗೋಣಿಚೀಲದಲ್ಲಿ, ಬಾಲ ಹೊರಗೆ.
ಗೇರಿನೊಳಗೆ ಕಣಜ ಗೂಡು ಕಟ್ಟಿತ್ತು.
ಇಂಥ ಬುಶ್ ಈಗ ಯಾರೂ ಮಾಡುವುದಿಲ್ಲ.
ಉದ್ಯಮಬಾಗದಲ್ಲಿ, ಪಂಪಿನ ಶಾಫ್ಟುಗಳ ಸರದಿ ತಪ್ಪಿಸಿ,
ಹಿತ್ತಾಳೆ ಕಡೆದೆ. ಎರಡು ಕೆಟ್ಟವು. ಮೂರನೆಯದು
ಹೆಬ್ಬೆರಳ ಒತ್ತಿಗೆ ಒಳಗಿಳಿಯಿತು.

ಮರದ ರೆಕ್ಕೆ ತೂಗಿದೆ,
ಹಗುರಾದದ್ದಕ್ಕೆ ಟೇಪು ಸುತ್ತಿ ಮತ್ತೆ ತೂಗಿದೆ.
ಮೂಗಿನೊಳಗೆ ಅಂಟಿಸಿದ್ದ ಏಳು ನಾಲ್ಕಾಣೆ
ಕಿತ್ತು ಮೊಳೆಡಬ್ಬಿಗೆ ಹಾಕಿದೆ.

ಯಳ್ಳೂರ ಕಣ. ಬದುವಿನಾಚೆ ಮಸೂರ ಹೂಬಿಟ್ಟಿದೆ.
ಇಂಜಿನ್ನು ಕೆಮ್ಮಿತು. ಔಡಲೆಣ್ಣೆ ಸುಟ್ಟ ಹೊಗೆ.
ಎದ್ದದ್ದೇ ತಡ, ಬಾಲ ಊರಿ ಕೂತಿತು,
ಮೊಂಡ ಎಮ್ಮೆ.

‘ಮಾಸ್ತರ್ ಮೂಗಿನ್ಯಾಗ ರೊಕ್ಕ ಇಟ್ಟಿದ್ರಲ್ಲ, ಎಲ್ಲಿ ಹೋತು?’
ಅಂದ ದಸ್ತಗೀರ,
ಇಪ್ಪತ್ತು ವರ್ಷ ಅವರ ಎಣ್ಣೆಬಾಟಲಿ ಹಿಡಿದವನು.

ಮರುದಿನ ತಂದೆ. ಯಾವ ಅಂಗಡಿಯಲ್ಲೂ ನಡೆಯದ ರೊಕ್ಕ,
ಒಂದೊಂದರ ಮೇಲೂ ಒಂದು ಘೇಂಡಾಮೃಗ.

ಮಟ್ಟಸವಾಗಿ ಎದ್ದಿತು. ಮೊಣಕಾಲು, ಎದೆ, ತಲೆ ದಾಟಿ.
ಮೂಗು ನನ್ನತ್ತ ತಿರುಗಿತು: ಈಗ ಎಡವೆಂದರೆ ಬಲ,
ಬೆರಳಿಗಿನ್ನೂ ಗೊತ್ತಿಲ್ಲ.
ದಸ್ತಗೀರ ಏನೋ ಕೂಗಿದ, ಕೇಳಲಿಲ್ಲ.
ಏಳು ಘೇಂಡಾಮೃಗ
ಮಸೂರದ ಹೂವಿನ ಮೇಲೆ
ನಿಂತಿದ್ದವು.