ನಾಲಿಗೆ ಇಲ್ಲದ ಹುಲ್ಲು

ಅಂಗಡಿಯವನಿಗೆ ಅದು ಔಷಧಿ.
ನಮಗೆ ಎಣ್ಣೆ.
ಯಾರದಾದರೂ ಎಮ್ಮೆ ಮೇಯ್ದು ಉರುಳಿದ ದಿನ ಮಾತ್ರ
ಇಡೀ ಊರಿಗೆ ವಿಷ.

ಬೆನ್ನಿಗೆ ಹದಿನಾರು ಲೀಟರಿನ ಟ್ಯಾಂಕು ಕಟ್ಟಿ
ಭದ್ರಾ ನಾಲೆಯ ಕೊನೇ ತೂಬಿನ ಈ ಗದ್ದೆಗಳಲ್ಲಿ
ಹನ್ನೊಂದು ವರ್ಷ ಹಿಂದಕ್ಕೆ ನಡೆದಿದ್ದೇನೆ,
ಹೊಡೆದ ಜಾಗ ತುಳಿಯಬಾರದು ನೋಡಿ.
ಎಲ್ಲಿ ಬದು, ಎಲ್ಲಿ ಹಳ್ಳ, ನನ್ನ ಹಿಮ್ಮಡಿಗೇ ಗೊತ್ತು.

ಮೊದಲ ವರ್ಷ ಏನು ಚಂದ!
ನೀರು ಬಸಿದು ಹೊಡೆದ ಮೂರನೇ ದಿನಕ್ಕೆ ಹಳದಿ,
ಹತ್ತಕ್ಕೆ ಸುಟ್ಟ ಬೀಡಿಯ ಬಣ್ಣ.
ಕರಿಬಸಪ್ಪ ಗೌಡರು ಮೇಲೆ ನೂರರ ನೋಟು ಕೊಟ್ಟು
"ಹದಿನೆಂಟು ಆಳಿನ ಕೆಲಸ, ಒಂದು ಮುಂಜಾನಿ" ಎಂದರು.
ಆ ಹದಿನೆಂಟು ಆಳು ಬದುವಿನ ಮೇಲೆ ಕೂತಿದ್ದರು.
ಗುತ್ಯಮ್ಮ ಎಲೆಅಡಿಕೆ ಚೀಲ ಬಿಚ್ಚದೆ ನನ್ನನ್ನೇ ನೋಡುತ್ತಿದ್ದಳು.
ಮರುವಾರ ಅವರ ಗುಂಪು ಮೆಣಸಿನಕಾಯಿ ತೊಟ್ಟು ಬಿಡಿಸಲು
ಬ್ಯಾಡಗಿಯ ಟೆಂಪೋ ಹತ್ತಿತು,
ನಗುತ್ತ ಹೋಗಿ ಕೆಮ್ಮುತ್ತ ಬಂತು.

ಐದನೇ ವರ್ಷವೋ, ಆರನೆಯದೋ,
ಒಣಗಿದ ಹುಲ್ಲಿನ ನಡುವೆ ಒಂದು ಬುಡ ಹಸಿರಾಗಿ ನಿಂತಿತ್ತು.
ಕೈ ತಪ್ಪಿರಬೇಕು ಎಂದುಕೊಂಡೆ.
ಮುಂದಿನ ಬೆಳೆಗೆ ಚಾಪೆಯಗಲ.
ಅದರ ಮುಂದಿನದಕ್ಕೆ ಕಣದಗಲ.
"ನೀರು ಕಲಸೀಯಾ" ಎಂದರು ಗೌಡರು.
"ಡೋಸು ಏರಿಸಿ" ಎಂದ ಮಲೇಬೆನ್ನೂರಿನ ಅಂಗಡಿಯವ.
ಎಕರೆಗೆ ಎಂಬತ್ತು ಮಿಲಿ ನೂರಾಯಿತು, ನೂರೈವತ್ತಾಯಿತು,
ಡಬ್ಬಿಯ ಬಣ್ಣ ಬದಲಾಯಿತು, ಒಳಗಿನದು ಅದೇ.
ನಾಲ್ಕನೇ ಬೆಳಿಗ್ಗೆ ಹೋಗಿ ನೋಡಿದರೆ
ಭತ್ತದ ತುದಿ ಕಂದಿದೆ.
ಕಾಡುಹಾರಕ ಮಾತ್ರ ಮೈತುಂಬ ಇಬ್ಬನಿ ಹೊತ್ತು
ನನ್ನ ಎಣ್ಣೆಯನ್ನೇ ನೆತ್ತಿಗೆ ತಟ್ಟಿ ನೀರೆರೆದುಕೊಂಡವಳಂತೆ
ಮಿರಮಿರ ನಿಂತಿದೆ.

ಗೌಡರ ಬೈಕು ಗುತ್ಯಮ್ಮನ ಓಣಿಗೆ ತಿರುಗಿತು.

ಅವಳು ಸೀರೆ ಎತ್ತಿಕಟ್ಟಿ ಕೆಸರಿಗಿಳಿದು
ಒಂದು ದಂಟು ಭತ್ತ, ಒಂದು ದಂಟು ಹುಲ್ಲು ಕಿತ್ತು
ಎಲೆಯ ಬುಡ ಬಿಚ್ಚಿ ನನ್ನ ಮೂಗಿಗೆ ಹಿಡಿದಳು.
"ಭತ್ತಕ್ಕ ಇಲ್ಲಿ ನಾಲಿಗಿ ಐತಿ, ಬೆಳ್ಳಗ, ಉಳ್ಳಾಗಡ್ಡಿ ಪೊರಿಯಂಗ.
ಇದಕ್ಕ ಇಲ್ಲ. ಉಳಿದದ್ದೆಲ್ಲ ಒಂದಾ."

ಆಮೇಲೆ ಬಾಗಿದಲ್ಲಿಂದಲೇ:
"ನಮ್ಮವ್ವನ ಅವ್ವನ ಕಾಲಕ್ಕೂ ಹಿಂದ ಇದರ ಬುಡ ಕೆಂಪಗಿತ್ತಂತ,
ನೆಲಕ್ಕ ಮಲಗಿ ಹರಡತಿತ್ತಂತ.
ಕೆಂಪಂದು ಕಿತ್ತರು, ಮಲಗಿದ್ದು ಕಿತ್ತರು.
ಕಣ್ಣು ತಪ್ಪಿಸಿ ಭತ್ತದಂಗ ನಿಂತದ್ದು ಬೀಜ ಉದುರಿಸ್ತು.
ಈ ವೇಷ ಹೊಲಿದು ತೊಡಿಸಿದ್ದು ನಮ್ಮ ಕೈಯೇ ತಮ್ಮಾ,
ಎಷ್ಟು ಸುಗ್ಗಿ ಹಿಡೀತೋ ಏನೋ.
ನಿನ್ನ ಎಣ್ಣಿಗೆ ಹನ್ನೊಂದು ವರ್ಷ ಸಾಕಾತು."

ಬದುವಿನಿಂದ ಗೌಡರು: "ಆಳಿಗೆ ಎಷ್ಟವ್ವಾ?"
"ಐನೂರು. ಮಧ್ಯಾಹ್ನದ ರೊಟ್ಟಿ ನಿಮ್ಮದು.
ಇವನೂ ಸಾಲಿಗೆ ಬರಲಿ."

ಬಂದೆ. ಈ ಗದ್ದೆಯಲ್ಲಿ ಮೊದಲ ಸಲ ಮುಂದಕ್ಕೆ ನಡೆದೆ.
ಕಿತ್ತ ಹಿಡಿಯಲ್ಲಿ ಅರ್ಧ ಭತ್ತವೇ.
ಹೆಂಗಸರು ಸೊಂಟ ಹಿಡಿದು ನಕ್ಕರು.

ರಾತ್ರಿ ಪ್ಯಾಂಟಿನ ಮಡಿಕೆ ಬಿಚ್ಚಿ ಕೊಡವಿದರೆ
ಸಣ್ಣ ಸಣ್ಣ ಬೀಜ, ಯಾವ ಯಾವ ಗದ್ದೆಯವೋ.
ಹಿಂದೆ ಹಿಂದೆ ನಡೆದವನ ಕಾಲಿನಿಂದ
ಬಿತ್ತನೆಯೂ ನಡೆದಿತ್ತೇನೋ.
ಎಣಿಸಲು ಕೂತೆ, ಅರವತ್ತರ ಮೇಲೆ ಲೆಕ್ಕ ತಪ್ಪಿತು.
ಬಳಿದು ಒಲೆಗೆ ಹಾಕಿದೆ, ಚಟಪಟ ಎಂದವು.

ಮೂಲೆಯಲ್ಲಿ ಟ್ಯಾಂಕು.
ನಾಡಿದ್ದು ಕುಂಬಳೂರಿನಲ್ಲಿ ಎರಡೆಕರೆ ಒಪ್ಪಿಕೊಂಡಿದ್ದೇನೆ.
ಮುಂಗಡದ ಇನ್ನೂರು ಖರ್ಚಾಗಿದೆ.