ಬಲಬದಿಯ ಬೆನ್ನು

ಮಸೀದ್ ಬಂದರಿನ ಸೇತುವೆಯಿಳಿದು ಎಡಕ್ಕೆ ಹೊರಳಿದರೆ
ಮೆಟ್ಟಿಲ ಕೆಳಗೆ ನನ್ನ ಬೈಂಡಿಂಗ್ ಅಂಗಡಿ:
ಮೈದಾ ಅಂಟು, ಮೇಣ ಸವರಿದ ನೂಲು, ಮೂರು ಸೂಜಿ.
ಕಿರಾಣಿ ಸೇಟುಗಳ ಲೆಕ್ಕದ ಪುಸ್ತಕ ಹೊಲಿದೂ ಹೊಲಿದೂ
ಬೆರಳಿಗೇ ಕಣ್ಣು ಬಂದಿದೆಯೆಂದು ನಂಬಿದ್ದೆ.

ರಹಮೀಮ್ ಚೆವೂಲ್ಕರ್ ತಂದದ್ದು
ಹಾಳೆ ಹಾಳೆಯಾಗಿ ಬಿಚ್ಚಿಹೋದ ಅಜ್ಜನ ಕಾಲದ ಹೊತ್ತಗೆ.
ಎಂದಿನಂತೆ ಎಡಬದಿಗೆ ಬೆನ್ನು ಕಟ್ಟಿಕೊಟ್ಟೆ.
ಮುದುಕ ಬೈಯಲಿಲ್ಲ.
‘ಅಂತ್ಯದಿಂದ ಶುರು ಮಾಡಿದ್ದೀಯ ಮಾರಾಯ,
ನಮ್ಮದು ಬಲದಿಂದ’ ಎಂದು
ನಾನು ಎಳೆ ಬಿಚ್ಚುವಷ್ಟು ಹೊತ್ತೂ ಸ್ಟೂಲಿನ ಮೇಲೆ ಕೂತ.

ಪುಟದ ನಡುವೆ ದಪ್ಪ ಅಕ್ಷರದ ಒಂದು ಪ್ರಶ್ನೆ,
ನಾಲ್ಕೂ ಸುತ್ತ ಸಣ್ಣಕ್ಷರದ ಗದ್ದಲ.
ಚಾಳಿನ ಅಂಗಳದಲ್ಲಿ ಯಾರೋ ಏನೋ ಕೇಳಿದ್ದಕ್ಕೆ
ಎಲ್ಲ ಗ್ಯಾಲರಿಗಳಿಂದ ಬಾಗಿ ಉತ್ತರ ಕೊಟ್ಟ ಹಾಗೆ.

‘ಯೂಫ್ರೆಟಿಸಿನ ಕಾಲುವೆಯೊಂದರ ಬಾಯಲ್ಲಿ ಆ ಊರು,
ಪುಂಬೆದಿತ. ಪುಂ ಅಂದರೆ ಬಾಯಿ.’
‘ನಮ್ಮದೂ ಬಾಯಿಯೇ, ಮುಂ-ಬಾಯಿ’ ಎಂದೆ.
‘ಬಾಯಿ ಅಂದರೆ ಹೆಂಗಸು’ ಎಂದ, ಅವನದು ಮರಾಠಿ.
ಚಹಾ ಆರಿತು. ಗಿರಾಕಿಯೊಬ್ಬ ಕಾದು ಹೋದ.
‘ಇದೇ’ ಎಂದ ಮುದುಕ, ‘ಅಲ್ಲಿ ಇದೇ ಕಸುಬು,
ಹಗಲಿರುಳು.’

ಆನೆಯನ್ನು ಸೂಜಿಯ ಕಣ್ಣಲ್ಲಿ ಹಾಯಿಸುವ ಜನ
ಅಂತ ಪರವೂರಿನವರು ಆಡಿಕೊಳ್ಳುತ್ತಿದ್ದರಂತೆ.
ನನ್ನ ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿದೆ:
‘ಬಾಲ?’
ನಕ್ಕು ನಕ್ಕು ಕೆಮ್ಮು ಹತ್ತಿತು ಅವನಿಗೆ.

ರಬ್ಬಾ ಬೆಟ್ಟವನ್ನು ಬುಡಸಮೇತ ಕೀಳುವವನು.
ಯೋಸೇಫ್ ತಾನೇ ಬೆಟ್ಟ, ಕೇಳಿದ್ದೆಲ್ಲ ಒಳಗಿದೆ.
ಪೀಠಕ್ಕೆ ಯಾರು? ಕಣಜವಿದ್ದವನೇ ಎಂದಿತು ಊರು.
ಕಣಜವಿದ್ದವನು ಒಲ್ಲೆನೆಂದು ಹಿಂದೆ ಸರಿದ,
ಇಪ್ಪತ್ತೆರಡು ವರ್ಷ.
ಆಮೇಲೆ ಜಡ್ಡು ಬಿದ್ದು, ಕಣಜವೇ ಬರಿದು.
‘ಇದನ್ನು ನಾನು ಕೇಳಿಯೇ ಇಲ್ಲವಲ್ಲ’ ಎಂದಾಗೆಲ್ಲ
ತಬ್ಬಲಿ ಹುಡುಗ ಅಬಾಯೆ, ಅವನ ಶಿಷ್ಯ,
ತಗ್ಗಿದ ದನಿಯಲ್ಲಿ: ‘ನೀವೇ ಕಲಿಸಿದ್ದು, ಗುರುವೆ.’

ಒಡೆದ ಶಿಲಾಶಾಸನದ ಚೂರುಗಳನ್ನೂ
ಇಡಿಯದರ ಜೊತೆಗೇ ಪೆಟ್ಟಿಗೆಯಲ್ಲಿಟ್ಟಿದ್ದರಂತೆ.
ಹೊರಡುವಾಗ ಹಳೆಯ ನೂಲು, ಉದುರಿದ ಅಂಚು,
ಎಲ್ಲ ಗುಡಿಸಿ ರುಮಾಲಿಗೆ ಕಟ್ಟಿಕೊಂಡ.
ಐವತ್ತು ರೂಪಾಯಿ ಹೆಚ್ಚೇ ಕೊಟ್ಟ.

ಇದಾಗಿ ಒಂಬತ್ತು ವರ್ಷ.
ಈಗಲೂ ಬರುತ್ತಾನೆ, ಬರಿಗೈಯಲ್ಲಿ.
ಸೊಸೆ ಸಿಂಖಾ ಬೀದಿ ದಾಟಿಸಿ ಕೂರಿಸಿ ಹೋಗುತ್ತಾಳೆ.
ನಿನ್ನೆ ಗೋಡೆಯ ಕ್ಯಾಲೆಂಡರು ನೋಡುತ್ತ ಕೇಳಿದ:
‘ಪುಂ ಅಂದರೆ ಏನು?’

ಸೂಜಿ ಕೆಳಗಿಟ್ಟೆ.
ಯಾವ ಕಾಲುವೆಯ ಕೆಸರೋ ಗಂಟಲಿಗೆ ಬಂತು.
‘ಬಾಯಿ. ನೀವೇ ಹೇಳಿದ್ದು, ಚೆವೂಲ್ಕರ್ ಸಾಹೇಬ.’

‘ನಾನಾ?’ ಹುಬ್ಬೇರಿಸಿದ.
‘ನಾನು ಹಾಗೆ ಹೇಳಿರಲಾರೆ.
ಬಾಯಿ ಅಂದರೆ ಹೆಂಗಸು.’

ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡೆ.
ಚಹಾದ ಹುಡುಗನಿಗೆ ಎರಡು ಬೆರಳು ತೋರಿಸಿದೆ.